ಭುಜ ಗಟ್ಟಿಯಾಯಿತು, ಧೈರ್ಯ ಬರಲಿಲ್ಲ

ಪ್ರಶ್ನೆ: ನನಗೆ 23 ವರ್ಷ. ಕಬಡ್ಡಿ ಆಡುತ್ತೇನೆ, ರೈಟ್ ಕಾರ್ನರ್. ಬಲಭುಜ ಮೂರು ಸಲ ಜಾರಿದ ಮೇಲೆ ಕೀಹೋಲ್ ಆಪರೇಷನ್ ಆಯಿತು. ಈಗ ಎಂಟು ತಿಂಗಳು. ನೋವಿಲ್ಲ, ಕೈ ಪೂರ್ತಿ ಮೇಲೇಳುತ್ತದೆ, ‘ಇನ್ನು ಆಡಬಹುದು’ ಎಂದು ಸರ್ಜನ್ ಹೇಳಿದ್ದಾರೆ. ಆದರೆ ರೈಡರ್ ನನ್ನ ಕಡೆ ಬಂದರೆ ಕೈ ಮುಂದೆ ಹೋಗುವುದೇ ಇಲ್ಲ. ಕೋಚ್ ‘ನಾಟಕ ಆಡಬೇಡ’ ಅನ್ನುತ್ತಾರೆ. ಇದೇನು ಮಾನಸಿಕ ಕಾಯಿಲೆಯೇ ಸಾರ್?
– ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ಕಾಯಿಲೆಯಲ್ಲ, ನಾಟಕವೂ ಅಲ್ಲ. ಮೂರು ಸಲ ಕೀಲು ತಪ್ಪಿದ್ದನ್ನು ನಿಮ್ಮ ಮಿದುಳು ಮರೆತಿಲ್ಲ, ಅಷ್ಟೆ. ಭುಜ ಸಾಮಾನ್ಯವಾಗಿ ಜಾರುವುದು ಕೈ ಮೇಲೆದ್ದು ಹಿಂದಕ್ಕೆ ತಿರುಗಿದಾಗ. ಆ ಭಂಗಿಯ ಹತ್ತಿರ ಬಂದರೆ ಸಾಕು, ನೀವು ಯೋಚಿಸುವ ಮೊದಲೇ ಸ್ನಾಯು ಬಿಗಿಯುತ್ತದೆ, ಮೊಣಕೈ ಪಕ್ಕೆಗೆ ಅಂಟಿಕೊಳ್ಳುತ್ತದೆ. ಕೀಲಿನ ಅಂಚಿನಲ್ಲಿ ಹರಿದಿದ್ದ ಲೇಬ್ರಮ್ ಎಂಬ ಪಟ್ಟಿಯನ್ನು ಸರ್ಜನ್ ಮೂಳೆಗೆ ಹೊಲಿದು ಕೂರಿಸಿದ್ದಾರೆ. ಈ ಅಂಜಿಕೆಗೆ ಹೊಲಿಗೆ ಹಾಕಲು ಬರುವುದಿಲ್ಲ.

ಹಾಗಂತ ಭಯವೆಲ್ಲ ಮನಸ್ಸಿನದೇ ಎಂದು ತಳ್ಳಿಹಾಕುವುದೂ ಸರಿಯಲ್ಲ. ಕೆಲವರಲ್ಲಿ ಭುಜ ನಿಜಕ್ಕೂ ಇನ್ನೂ ಸಡಿಲವಾಗಿರುತ್ತದೆ. ಭಯ ಅದರ ಸುಳಿವು. ಅಂಗಿ ತೊಡುವಾಗ, ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ ಭುಜ ಜಾರಿದಂತಾಗುವುದು, ‘ಕಟ್’ ಎನ್ನುವುದು, ಕೈ ಜೋಮು ಹಿಡಿಯುವುದು ಇದ್ದರೆ ಮತ್ತೆ ಸರ್ಜನ್ ಬಳಿ ಹೋಗಿ. ಅವರು ನಿಮ್ಮನ್ನು ಅಂಗಾತ ಮಲಗಿಸಿ, ತೋಳನ್ನು ಪಕ್ಕಕ್ಕೆ ಚಾಚಿ, ಮುಂಗೈಯನ್ನು ನಿಧಾನವಾಗಿ ತಲೆಯ ಕಡೆಗೆ ತಿರುಗಿಸುತ್ತಾರೆ. ಆಗ ವೈದ್ಯರಾದ ನಾವು ಕೈಗಿಂತ ಹೆಚ್ಚಾಗಿ ರೋಗಿಯ ಮುಖ ನೋಡುತ್ತಿರುತ್ತೇವೆ. ‘ಸಾಕು ಸಾಕು’ ಎನ್ನುವ ಭಾವ ಮುಖದಲ್ಲಿ ಮೂಡಿ, ಭುಜದ ಮುಂಭಾಗವನ್ನು ಅಂಗೈಯಿಂದ ಒತ್ತಿ ಹಿಡಿದೊಡನೆ ಅದು ಮಾಯವಾದರೆ, ಕೀಲು ಇನ್ನೂ ಸಡಿಲವಿದೆಯೇ ಎಂದು ಮತ್ತೆ ನೋಡಬೇಕಾಗುತ್ತದೆ.

ಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದರೆ ಉಳಿದದ್ದು ಮನಸ್ಸಿನ ಸಿದ್ಧತೆ. ಅದನ್ನೂ ಅಳೆಯಬಹುದು. ಆಪರೇಷನ್ನಾದ ಮೊಣಕಾಲಿಗೆಂದು 2008ರಲ್ಲಿ ಆಸ್ಟ್ರೇಲಿಯಾದಲ್ಲಿ ರೂಪಿಸಿದ್ದ ಪ್ರಶ್ನಾವಳಿಯೊಂದನ್ನು ಫ್ರಾನ್ಸಿನ ವೈದ್ಯರು ಭುಜಕ್ಕೆ ಹೊಂದಿಸಿ 2018ರಲ್ಲಿ ಪ್ರಕಟಿಸಿದರು. ಹೆಸರು ‘ಸಿರ್ಸಿ’ (ನಮ್ಮ ಮಾರಿಕಾಂಬೆಯ ಊರಿಗೂ ಇದಕ್ಕೂ ಸಂಬಂಧವಿಲ್ಲ). 12 ಪ್ರಶ್ನೆ, ಅಂಕ 0ಯಿಂದ 100. ಮತ್ತೆ ಪೆಟ್ಟಾದೀತೆಂಬ ಅಳುಕು ಎಷ್ಟು, ಭುಜದ ಯೋಚನೆಯಿಲ್ಲದೆ ಆಡಬಲ್ಲಿರಾ, ಮತ್ತೊಮ್ಮೆ ಆಪರೇಷನ್ ಎಂಬ ಯೋಚನೆಯೇ ತಡೆಯುತ್ತಿದೆಯೇ – ಹೀಗೆ ಸಾಗುತ್ತದೆ. ನಿಮ್ಮ ಫಿಸಿಯೋ ಬಳಿ ಕೇಳಿ. ಅಂಕ ಕಡಿಮೆ ಬಂತೆಂದು ಕುಗ್ಗಬೇಡಿ. ತಿಂಗಳಿಗೊಮ್ಮೆ ತುಂಬಿಸಿ, ಅದು ಏರುತ್ತಿದೆಯೇ ನೋಡಿ.

ಧೈರ್ಯ ತಂದುಕೋ ಎಂದರೆ ಧೈರ್ಯ ಬರುವುದಿಲ್ಲ. ಹೆದರಿಸುವ ಕೆಲಸವನ್ನೇ ಚೂರು ಚೂರಾಗಿ ಮಾಡಿ ನೋಡಬೇಕು. ಮೊದಲು ಮ್ಯಾಟ್ ಮೇಲೆ ಮಂಡಿಯೂರಿ, ಭುಜ ಒಳಗೆಳೆದುಕೊಂಡು ಉರುಳುವುದು. ಆಮೇಲೆ ನಿಂತಲ್ಲಿಂದ. ಆಮೇಲೆ ನಿಮಗೆ ನಂಬಿಕೆಯಿರುವ ಒಬ್ಬ ಗೆಳೆಯ ‘ಈಗ ಬರ್ತೀನಿ’ ಎಂದು ಹೇಳಿಯೇ ನಡೆದು ಬರಲಿ, ನೀವು ಆಂಕಲ್ ಹೋಲ್ಡ್ ಹಾಕಿ. ಅದು ಬೇಸರ ಬರುವಷ್ಟು ಸಲೀಸಾದ ಮೇಲೆ ಅರ್ಧ ವೇಗ, ನಂತರ ಹೇಳದೆ ಬರುವುದು, ಕವರ್ ಆಟಗಾರನ ಜೊತೆ ಚೈನ್, ಕೊನೆಗೆ ಐದು ನಿಮಿಷದ ಅಭ್ಯಾಸ ಪಂದ್ಯ. ಒಂದು ಹಂತದಲ್ಲಿ ಮೊಣಕೈ ಮತ್ತೆ ಪಕ್ಕೆಗೆ ಅಂಟಿದರೆ ಹಿಂದಿನ ಹಂತಕ್ಕೆ ಹೋಗಿ. ಅದರಲ್ಲಿ ಅವಮಾನವೇನಿಲ್ಲ.

ನಿಮ್ಮ ಕೋಚ್‌ಗೆ ಒಂದು ಮಾತು. ಅಳುಕಿನಲ್ಲಿ ಹಾಕಿದ ಹಿಡಿತದಲ್ಲಿ ಮೈ ಹಿಂದುಳಿದು ಕೈಯೊಂದೇ ಮುಂದೆ ಹೋಗಿರುತ್ತದೆ. ರೈಡರ್ ಎಳೆದಾಗ ಇಡೀ ಭಾರ ಚಾಚಿದ ತೋಳಿನ ಮೇಲೆ ಬೀಳುತ್ತದೆ. ಹುಡುಗನನ್ನು ಬೈದು ಮ್ಯಾಟ್‌ಗೆ ಇಳಿಸಿದರೆ ಭುಜವನ್ನು ಮತ್ತೆ ಅಪಾಯಕ್ಕೊಡ್ಡಿದಂತೆಯೇ.

ಕ್ರಿಕೆಟಿಗ ಶ್ರೇಯಸ್ ಅಯ್ಯರ್ ನೆನಪಿರಬೇಕು. 2021ರ ಮಾರ್ಚ್‌ನಲ್ಲಿ ಪುಣೆಯಲ್ಲಿ ಇಂಗ್ಲೆಂಡ್ ವಿರುದ್ಧ ಫೀಲ್ಡಿಂಗ್ ಮಾಡುವಾಗ ಎಡಭುಜ ಜಾರಿತು, ಏಪ್ರಿಲ್‌ನಲ್ಲಿ ಆಪರೇಷನ್, ಸೆಪ್ಟೆಂಬರ್‌ನಲ್ಲಿ ಮತ್ತೆ ಐಪಿಎಲ್, ನವೆಂಬರ್‌ನಲ್ಲಿ ಕಾನ್ಪುರದಲ್ಲಿ ಪದಾರ್ಪಣೆಯ ಟೆಸ್ಟ್‌ನಲ್ಲೇ ಶತಕ. ಇದನ್ನು ಓದಿ ಹುರುಪು ಬಂದರೆ ಒಳ್ಳೆಯದು. ಆದರೆ ಅವರ ತಿಂಗಳ ಲೆಕ್ಕ ನಿಮ್ಮದಾಗಬೇಕಿಲ್ಲ. ಕಬಡ್ಡಿಯಲ್ಲಿ ಭುಜಕ್ಕೆ ಪ್ರತಿ ನಿಮಿಷವೂ ಪರೀಕ್ಷೆ.

ಪೆಟ್ಟಾದ ಕ್ಷಣ ಮತ್ತೆ ಮತ್ತೆ ಕಣ್ಣಮುಂದೆ ಬಂದು ನಿದ್ದೆ ಕೆಡುತ್ತಿದ್ದರೆ, ಮೈದಾನದ ಕಡೆ ಹೋಗಲೇ ಮನಸ್ಸಾಗದಿದ್ದರೆ ಮನಃಶಾಸ್ತ್ರಜ್ಞರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.

ಪ್ರಶ್ನೆ: ನನ್ನ ಮಗನಿಗೆ 19, ವಾಲಿಬಾಲ್ ಆಟಗಾರ. ಭುಜ ಜಾರಿದ್ದಕ್ಕೆ ಆಪರೇಷನ್ನಾಗಿ ಮೂರು ತಿಂಗಳೂ ತುಂಬಿಲ್ಲ. ‘ನನಗೇನೂ ಭಯವಿಲ್ಲಮ್ಮ’ ಎಂದು ಮುಂದಿನ ವಾರದ ಟೂರ್ನಮೆಂಟಿಗೆ ಹೊರಟಿದ್ದಾನೆ. ಕಳಿಸಲೇ?
– ಒಬ್ಬ ತಾಯಿ, ಹಾಸನ

ಉತ್ತರ: ಬೇಡಮ್ಮ. ಮೇಲಿನ ಹುಡುಗನಿಗೆ ಭುಜ ಸಿದ್ಧ, ಮನಸ್ಸು ಇಲ್ಲ. ನಿಮ್ಮ ಮಗನದು ಇದರ ತಿರುಗುಮುರುಗು. ಹೊಲಿದ ಭಾಗ ಮೂಳೆಗೆ ಕೂಡಿಕೊಳ್ಳಲು ಸುಮಾರು ಮೂರು ತಿಂಗಳು ಬೇಕು, ಬಲ ಬರಲು ಅದಕ್ಕಿಂತ ಹೆಚ್ಚು. ಸ್ಮ್ಯಾಶ್ ಹೊಡೆಯುವಾಗ ಕೈ ಹೋಗುವುದು ಭುಜ ಜಾರುವ ಅದೇ ಭಂಗಿಗೆ. ಎಳೆಯ ವಯಸ್ಸಿನವರಲ್ಲೇ ಭುಜ ಮತ್ತೆ ಜಾರುವುದು ಹೆಚ್ಚು. ಆರು ತಿಂಗಳ ಹೊತ್ತಿಗೆ ಸರ್ಜನ್ ಮತ್ತು ಫಿಸಿಯೋ ಇಬ್ಬರೂ ಎರಡೂ ಕೈಗಳ ಬಲ ಹೋಲಿಸಿ ನೋಡಿ ಒಪ್ಪಿದರೆ ಮಾತ್ರ ಕಳಿಸಿ. ಈ ಸಲದ ಟೂರ್ನಮೆಂಟನ್ನು ಅವನು ಬೆಂಚಿನಲ್ಲಿ ಕೂತು ನೋಡಲಿ.