ಶಾಟ್ ಬ್ಲಾಸ್ಟಿಂಗ್ ಯಂತ್ರದ ಪರೀಕ್ಷೆ

ಅಚ್ಚಿನಿಂದ ಹೊರಬಂದ ಎರಕದ ಮೈಗೆ ಮರಳು ಕಚ್ಚಿಕೊಂಡಿರುತ್ತದೆ. ಅದನ್ನು ಬಿಡಿಸಲು, ವೇಗವಾಗಿ ತಿರುಗುವ ಚಕ್ರವೊಂದು ಉಕ್ಕಿನ ಸಣ್ಣ ಗುಂಡುಗಳನ್ನು ಎರಕದ ಮೇಲೆ ಎಸೆಯುತ್ತದೆ. ಇದೇ ಶಾಟ್ ಬ್ಲಾಸ್ಟಿಂಗ್. ಈ ಯಂತ್ರದ ಬಳಿ ದುಡಿಯುವ ನಮ್ಮವರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ನೋಡೋಣ.

ಮೊದಲನೆಯದು, ಆಮ್ಮೀಟರು. ಚಕ್ರಕ್ಕೆ ಗುಂಡು ಬೀಳುತ್ತಲೇ ಮುಳ್ಳು ಏರಬೇಕು. ಮೋಟಾರಿನ ಫಲಕದಲ್ಲಿರುವ ಪೂರ್ಣ ಆಂಪಿಯರಿಗಿಂತ ಬಹಳ ಕಡಿಮೆ ತೋರಿದರೆ ಗುಂಡು ಸಾಲದು, ಇಲ್ಲವೇ ಅದರ ದಾರಿ ಕಟ್ಟಿದೆ.

ಎರಡನೆಯದು, ಗುರಿ. ಎರಕ ನಿಲ್ಲುವ ಜಾಗದಲ್ಲಿ ಬಣ್ಣ ಬಳಿದ ತಗಡನ್ನಿಟ್ಟು ಅರ್ಧ ನಿಮಿಷ ಯಂತ್ರ ನಡೆಸಬೇಕು. ಬಣ್ಣ ಹಾರಿದಲ್ಲಿ ಏಟು ಬಿದ್ದಿದೆ. ಅದು ಪಕ್ಕಕ್ಕೆ ಸರಿದಿದ್ದರೆ ಚಕ್ರದೊಳಗಿನ ಕೇಜನ್ನು ತಿರುಗಿಸಿ ಸರಿಪಡಿಸಬೇಕು; ಇಲ್ಲವಾದರೆ ಗುಂಡು ಯಂತ್ರದ ಗೋಡೆಯನ್ನೇ ತಿನ್ನುತ್ತದೆ.

ಮೂರನೆಯದು, ಬ್ಲೇಡು. ಮೇನ್ ಸ್ವಿಚ್ಚು ತೆಗೆದು, ಚಕ್ರ ಪೂರ್ತಿ ನಿಂತ ಮೇಲೆಯೇ ಬಾಗಿಲು ತೆರೆಯಬೇಕು. ಸವೆದ ಬ್ಲೇಡನ್ನು ಒಂಟಿಯಾಗಿ ಬದಲಿಸಬಾರದು. ಎದುರುಬದುರಿನ ಜೋಡಿ ಸಮತೂಕವಿರಬೇಕು. ತಪ್ಪಿದರೆ ಚಕ್ರ ನಡುಗಿ ಬೇರಿಂಗು ಕೆಡುತ್ತದೆ.

ನಾಲ್ಕನೆಯದು, ಮರಳು. ಗುಂಡಿನೊಡನೆ ಮರಳು ಉಳಿದರೆ ಬ್ಲೇಡು ಬೇಗನೆ ಸವೆಯುತ್ತದೆ. ಆದ್ದರಿಂದ ದಿನವೂ ಒಂದು ಹಿಡಿ ಗುಂಡನ್ನು ತೆಗೆದು ನೋಡಬೇಕು. ಬ್ಲೇಡನ್ನು ತಿನ್ನುವ ಮರಳು ಮನುಷ್ಯನನ್ನೂ ಬಿಡುವುದಿಲ್ಲ. ಅದರ ನುಣ್ಣನೆಯ ಧೂಳು ಶ್ವಾಸಕೋಶಕ್ಕಿಳಿದರೆ ಸಿಲಿಕೋಸಿಸ್ ಬರುತ್ತದೆ. ಬಂದಮೇಲೆ ಅದನ್ನು ವಾಸಿಮಾಡುವ ಔಷಧವಿಲ್ಲ. ಎರಕದ ಮೇಲೆ ಮರಳನ್ನೇ ಊದಿ ಶುಚಿಮಾಡುವ ಪದ್ಧತಿಯನ್ನು ಬ್ರಿಟನ್ 1949ರಲ್ಲಿ ನಿಷೇಧಿಸಿದ್ದು ಇದಕ್ಕಾಗಿಯೇ.

ಬ್ಲೇಡು ಸವೆದರೆ ಹೊಸದು ಸಿಕ್ಕೀತು, ಶ್ವಾಸಕೋಶ ಸಿಗದು. ಧೂಳು ಹೀರುವ ಚೀಲ ಹರಿದದ್ದು ಕಂಡರೆ, ಕೆಲಸ ಒಂದು ಗಳಿಗೆ ನಿಂತರೂ ಸರಿ, ಮೇಸ್ತ್ರಿಗೆ ಆಗಲೇ ತಿಳಿಸೋಣ.