ಅವಸರಕ್ಕೆ ಒಲಿಯದ ಹವಾನಾ: ಸಿಗಾರ್ ಸವಿಯುವ ಸೂತ್ರಗಳು

ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಸಿಗಾರ್ ಕಾರಣವಾಗುತ್ತದೆ. ಇದನ್ನು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದರೆ ಕಪಟವಾದೀತೆಂದು ಮೊದಲೇ ಹೇಳಿಬಿಡುತ್ತೇನೆ. ಹೊಗೆಯ ಗೊಡವೆಗೇ ಹೋಗದವರು ಹಾಗೆಯೇ ಇರಿ. ಆದರೆ ಕ್ಯೂಬಾಕ್ಕೆ ಹೋಗಿಬಂದ ಭಾವನೋ ಗೆಳೆಯನೋ ಕೈಗೊಂದು ಹವಾನಾ ಸಿಗಾರ್ ಇಟ್ಟು, ನೀವೂ ಸೇದಿಯೇ ತೀರುತ್ತೇನೆಂದು ಕೂತರೆ, ರುಚಿ ತಿಳಿದಾದರೂ ಸೇದಿ.

1. ಹೊಗೆ ಬಾಯಲ್ಲೇ ಇರಲಿ. ಸಿಗರೇಟಿನಲ್ಲಿ ಪಳಗಿದವರು ಸೋಲುವುದು ಇಲ್ಲೇ. ಎದೆತುಂಬ ಎಳೆದು, ಕೆಮ್ಮಿ, ಬೆವೆತು ಮೂಲೆ ಹಿಡಿಯುತ್ತಾರೆ. ಸಿಗಾರ್ ಹೊಗೆ ಸಿಗರೇಟಿನದಕ್ಕಿಂತ ಕ್ಷಾರೀಯ. ಅದರ ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತ ಸೇರುತ್ತದೆ. ದೊಡ್ಡ ಸಿಗಾರೊಂದರಲ್ಲಿ ಒಂದಿಡೀ ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಎಲೆಅಡಿಕೆಯ ಜೊತೆ ಮೊದಲ ಸಲ ಹೊಗೆಸೊಪ್ಪು ಹಾಕಿಕೊಂಡು ತಲೆ ಗಿರ್ರೆಂದವರಿಗೆ ಹೆಚ್ಚು ವಿವರಿಸಬೇಕಿಲ್ಲ.

2. ಊಟ ಮುಗಿಸಿ ಕೂರಿ. ಖಾಲಿ ಹೊಟ್ಟೆಯಲ್ಲಿ ಬೇಡವೇ ಬೇಡ. ಪಕ್ಕದಲ್ಲಿ ನೀರಿರಲಿ.

3. ಚರ್ಚಿಲ್ ಆಗಲು ಹೋಗಬೇಡಿ. ಆತ 1895ರಲ್ಲಿ ಕ್ಯೂಬಾ ನೋಡಿ, ಮರುವರ್ಷ ಬೆಂಗಳೂರಿನ ದಂಡಿಗೆ ಬಂದ. ಬೆಂಗಳೂರು ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ಆತನ ಹೆಸರಿನ ಹದಿಮೂರು ರೂಪಾಯಿ ಬಾಕಿ ಇನ್ನೂ ಹಾಗೇ ಇದೆ. ಆತನ ಹೆಸರು ಹೊತ್ತ ಸಿಗಾರ್ 178 ಮಿಲಿಮೀಟರ್ ಉದ್ದ, ಮುಗಿಯಲು ಗಂಟೆಗೂ ಮೇಲೆ ಬೇಕು. ಹೊಸಬರಿಗೆ ಅದು ಶಿಕ್ಷೆ. 129 ಮಿಲಿಮೀಟರಿನ ಪೆತಿ ಕರೋನಾ ಧಾರಾಳ ಸಾಕು.

4. ಗಾಜಿನ ಮುಚ್ಚಳದ ಪೆಟ್ಟಿಗೆ ಕಂಡರೆ ದೂರ ಸರಿಯಿರಿ. ಹವಾನಾ ಬೀದಿಯಲ್ಲಿ ‘ಅಣ್ಣ ಫ್ಯಾಕ್ಟರಿಯಲ್ಲಿದ್ದಾನೆ’ ಎಂದು ಅರ್ಧ ಬೆಲೆಗೆ ಕೊಡಬಂದವನದ್ದೂ ಅದೇ ಜಾತಿಯ ನಕಲಿ ಮಾಲು. ಅಸಲಿ ಕ್ಯೂಬನ್ ಪೆಟ್ಟಿಗೆಗೆ ಹಸಿರು ಸರ್ಕಾರಿ ಮುದ್ರೆಚೀಟಿ ಇರುತ್ತದೆ. ತಳದಲ್ಲಿ, ಪೂರ್ತಿ ಕೈಯಿಂದಲೇ ಮಾಡಿದ್ದೆಂಬ ಸ್ಪ್ಯಾನಿಶ್ ಬರಹವೂ ಪೆಟ್ಟಿಗೆ ಕಟ್ಟಿದ ತಿಂಗಳು ಮತ್ತು ವರ್ಷವೂ ಇರುತ್ತವೆ.

5. ಬಣ್ಣ ನೋಡಿ ಘಾಟು ಅಳೆಯಬೇಡಿ. ಕಪ್ಪಗಿದ್ದರೆ ಖಾರ ಎನ್ನುವುದು ದೊಡ್ಡ ಭ್ರಮೆ. ಕಪ್ಪು ಹೊದಿಕೆಯೆಲೆ ಹೆಚ್ಚು ಕಾಲ ಹುದುಗಿದ್ದು, ಎಷ್ಟೋ ಸಲ ಅದೇ ಸಿಹಿ. ಘಾಟು ಇರುವುದು ಸಿಗಾರಿನ ಹೊಟ್ಟೆಯೊಳಗೆ ತುಂಬಿದ ಎಲೆಗಳಲ್ಲಿ. ಗಿಡದ ನೆತ್ತಿಯಲ್ಲಿ ಬಿಸಿಲುಂಡ ದಪ್ಪ ಎಲೆ ಲಿಹೇರೊ, ಬಲ ಕೊಡುವಂಥದ್ದು. ನಡುವಿನ ಸೆಕೊ ಪರಿಮಳಕ್ಕೆ, ಬುಡದ ವೊಲಾಡೊ ಚೆನ್ನಾಗಿ ಉರಿಯಲಿಕ್ಕೆ. ಲಿಹೇರೊ ನಿಧಾನಕ್ಕೆ ಉರಿಯುವುದರಿಂದ ಸುತ್ತುವವರು ಅದನ್ನು ನಟ್ಟನಡುವೆ ಇಡುತ್ತಾರೆ. ಕ್ಯೂಬಾದ ಪಶ್ಚಿಮಕ್ಕಿರುವ ಪಿನಾರ್ ದೆಲ್ ರಿಯೊ ಪ್ರಾಂತ್ಯದ ವುವೆಲ್ತಾ ಅಬಾಹೊ ಸೀಮೆಯ ಕೆಂಪು ಮಣ್ಣೇ ಇದಕ್ಕೆಲ್ಲ ತವರು. ಹೊದಿಕೆಯ ಎಲೆ ಬೆಳೆಯುವ ಹೊಲಕ್ಕೆ ಬಟ್ಟೆಯ ಚಪ್ಪರವನ್ನೇ ಹಾಕುತ್ತಾರೆ. ಕೊಯ್ದ ಎಲೆ ಒಣಗಿ, ರಾಶಿಯಲ್ಲಿ ಹುದುಗಿ, ಅಮೋನಿಯದ ಕಮಟು ಬಿಟ್ಟಮೇಲಷ್ಟೇ ಸುತ್ತುವ ಮೇಜಿಗೆ ಬರುತ್ತದೆ. ಆ ಮೇಜುಗಳ ಮುಂದೆ ಎತ್ತರದ ಪೀಠದಲ್ಲಿ ಒಬ್ಬ ಪತ್ರಿಕೆ, ಕಾದಂಬರಿ ಓದುತ್ತಾನೆ. 1865ರಿಂದ ಬಂದ ರೂಢಿ. ಫ್ರೆಂಚ್ ಲೇಖಕ ಡ್ಯೂಮಾನ ಕಾದಂಬರಿಯ ಮೇಲೆ ಕೆಲಸಗಾರರಿಗಿದ್ದ ಪ್ರೀತಿಯಿಂದಲೇ ‘ಮೊಂಟೆಕ್ರಿಸ್ಟೊ’ ಎಂಬ ಬ್ರ್ಯಾಂಡಿನ ಹೆಸರು ಹುಟ್ಟಿತೆನ್ನುತ್ತಾರೆ. ಕೆಲಸದ ಹೊತ್ತಿಗೆ ಕಾದಂಬರಿ ಓದಿಸುವ ಕಾರ್ಖಾನೆ ಯಾರಿಗೆ ಬೇಡ!

6. ಫ್ರಿಜ್ಜಿನಲ್ಲಿ ಇಡಬೇಡಿ. ಒಣಗಿ ಹಪ್ಪಳವಾಗುತ್ತದೆ. ಅದಕ್ಕೆ ಬೇಕಾದದ್ದು ಶೇ. 65ರಿಂದ 70ರ ತೇವ, ಇಪ್ಪತ್ತು ಡಿಗ್ರಿ ಆಸುಪಾಸಿನ ತಂಪು. ಬಳ್ಳಾರಿಯ ಬೇಸಿಗೆಯಲ್ಲಿ ಹೊದಿಕೆ ಸೀಳುತ್ತದೆ, ಮಂಗಳೂರಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಸ್ಪ್ಯಾನಿಶ್ ಸೀಡರ್ ಪೆಟ್ಟಿಗೆಯೇ ಉತ್ತಮ. ಹೆಸರು ಸೀಡರ್ ಆದರೂ ಆ ಮರ ನಮ್ಮ ಬೇವಿನ ಕುಟುಂಬದ್ದು.

7. ಟೊಪ್ಪಿಗೆ ಕತ್ತರಿಸಿ, ತಲೆಯನ್ನಲ್ಲ. ಬಾಯಿಗಿಡುವ ತುದಿಯ ಮುಚ್ಚಳದಿಂದ ಎರಡು ಮಿಲಿಮೀಟರ್, ಒಂದೇ ಏಟಿಗೆ. ಇನ್ನೂ ಕೆಳಗೆ ಹೋದರೆ ಸುರುಳಿ ಬಿಚ್ಚಿಕೊಳ್ಳುತ್ತದೆ. ಹಲ್ಲಿನಿಂದ ಕಚ್ಚಿ ಉಗುಳುವುದು ಸಿನಿಮಾದ ಖಳನಾಯಕರಿಗಿರಲಿ.

8. ಉರಿಗೆ ಒಡ್ಡಬೇಡಿ, ಕಾವು ಕೊಡಿ. ಪೆಟ್ರೋಲ್ ಲೈಟರ್ ಬೇಡ, ಅದರ ವಾಸನೆ ಎಲೆಗೆ ಹತ್ತುತ್ತದೆ. ಗ್ಯಾಸ್ ಲೈಟರ್ ಆದೀತು. ಬೆಂಕಿಕಡ್ಡಿಯಾದರೆ ಮದ್ದು ಪೂರ್ತಿ ಉರಿದುಹೋಗಲಿ. ಜ್ವಾಲೆಯ ಮೇಲೆ ತುಸು ದೂರದಲ್ಲಿ ಹಿಡಿದು, ತಿರುಗಿಸುತ್ತಾ, ತುದಿಯ ಅಂಚು ಸುತ್ತಲೂ ಕೆಂಪಾದ ಮೇಲೆ ಬಾಯಿಗಿಡಿ.

9. ನಿಮಿಷಕ್ಕೊಂದು ದಮ್ಮು. ಈ ಪಟ್ಟಿಯಲ್ಲಿ ಒಂದೇ ಸೂತ್ರ ನೆನಪಿಡುವುದಾದರೆ ಇದನ್ನಿಡಿ. ಬೇಗ ಬೇಗ ಎಳೆದರೆ ಕೆಂಡ ಕಾದು ಎಲ್ಲ ರುಚಿಯೂ ಕಹಿಯಾಗುತ್ತದೆ. ಹತ್ತು ಸಾವಿರದ ಸಿಗಾರೂ ಆಗ ಹತ್ತು ರೂಪಾಯಿಯದ್ದೇ. ಬಲ್ಲವರು ಸಿಗಾರನ್ನು ಮೂರು ಪಾಲಾಗಿ ಸವಿಯುತ್ತಾರೆ. ಮೊದಲ ಪಾಲಿನಲ್ಲಿ ಹುಲ್ಲು, ಮರದ ಹೊಟ್ಟಿನ ವಾಸನೆ. ನಡುವೆ ಕಾಫಿ, ಕೋಕೋ, ಚರ್ಮ. ಕೊನೆಗೆ ಮೆಣಸು, ಮಣ್ಣು. ಎಲ್ಲ ಸಿಗಾರೂ ಈ ಕ್ರಮ ಪಾಲಿಸುವುದಿಲ್ಲ. ಪರಭಾಷೆಯ ರುಚಿಪಟ್ಟಿ ಬಾಯಿಪಾಠ ಮಾಡುವ ಬದಲು ನಿಮ್ಮ ಅಡುಗೆಮನೆಯನ್ನೇ ನೆನೆಯಿರಿ: ಹುರಿದ ಕಡಲೆಕಾಯಿ, ಕಮರಿದ ಬೆಲ್ಲ, ಒಣ ಕೊಬ್ಬರಿ, ಲವಂಗದ ಚುರುಕು, ಬಾಳೆಕಾಯಿಯ ಒಗರು. ಹೆಚ್ಚು ಸೂಕ್ಷ್ಮ ಬೇಕೆಂದರೆ, ಬಾಯಲ್ಲಿರುವ ಹೊಗೆಯಲ್ಲಿ ಒಂದಿಷ್ಟನ್ನು ಎದೆಗಿಳಿಸದೆ ಮೂಗಿನಿಂದ ಬಿಡಿ. ಪರಿಮಳ ಹಿಡಿಯುವ ಅಂಗ ಅದೇ ತಾನೆ. ಒಂದೆರಡು ಸಲಕ್ಕಿಂತ ಹೆಚ್ಚು ಬೇಡ, ಮೂಗು ಉರಿಯುತ್ತದೆ.

10. ಬೂದಿ ಕೊಡವಬೇಡಿ. ಅಂಗುಲದಷ್ಟಾದಾಗ ತಟ್ಟೆಯ ಅಂಚಿಗೆ ಮೆಲ್ಲಗೆ ತಾಗಿಸಿದರೆ ತಾನಾಗಿ ಬೀಳುತ್ತದೆ. 1887ರಲ್ಲಿ ಬಂದ ಮೊದಲ ಕಾದಂಬರಿಯಲ್ಲೇ ಷರ್ಲಾಕ್ ಹೋಮ್ಸ್ ಬೂದಿ ನೋಡಿ ತಿರುಚಿರಾಪಳ್ಳಿಯ ಸಿಗಾರೆಂದು ಹೇಳಿಬಿಡುತ್ತಾನೆ. ನಿಮಗೆ ಅಷ್ಟು ಪಾಂಡಿತ್ಯ ಬೇಕಿಲ್ಲ. ಅಂಗಿಯ ಮೇಲೆ ಬೀಳದಿದ್ದರೆ ಸಾಕು.

11. ಪೂರ್ತಿ ಸೇದಲೇಬೇಕೆಂಬ ಹಟ ಬಿಡಿ. ಹೊಗೆಯ ಟಾರು, ನಿಕೋಟಿನ್ ಎರಡೂ ಬಾಯಿಯ ಕಡೆಯ ತುಂಡಿನಲ್ಲಿ ಸೇರುತ್ತಾ ಬರುತ್ತವೆ. ದುಡ್ಡು ಕೊಟ್ಟಿದ್ದೇವೆಂದು ತುಟಿ ಸುಡುವವರೆಗೆ ಎಳೆಯುವುದು ಜಿಪುಣತನವೇ ಹೊರತು ರಸಿಕತನವಲ್ಲ. ಸಿಗಾರನ್ನೇ ತನ್ನ ಗುರುತಾಗಿಸಿಕೊಂಡಿದ್ದ ಫಿಡೆಲ್ ಕ್ಯಾಸ್ಟ್ರೋ ಕೂಡ 1985ರಲ್ಲಿ ಅದನ್ನು ಬಿಟ್ಟುಬಿಟ್ಟ. ಸಾಕೆನಿಸಿದಾಗ ತಟ್ಟೆಯಲ್ಲಿಡಿ, ತಾನಾಗಿ ಆರುತ್ತದೆ. ಹೊಸಕಿದರೆ ನಾತ ಕೋಣೆ ತುಂಬ. ಆರಿದ ತುಂಡನ್ನು ರಾತ್ರಿಯೇ ಮನೆಯಾಚೆ ಎಸೆಯಿರಿ.