ಇಂದಿನ ಧಮ್ಮ ಚಿಂತನೆ: "ಸಂಬಳ ಎಷ್ಟು ಬರುತ್ತೆ?" ಎಂದು ಕೇಳಿದಾಗ



ಕಳೆದ ಭಾನುವಾರದ ಅಧ್ಯಯನದಲ್ಲಿ ನಾಲ್ಕನೇ ಶೀಲದ ಬಗ್ಗೆ ಮಾತು ನಡೆದಾಗ ನಮ್ಮ ಬಳಗದ ಒಬ್ಬ ಯುವ ಸೋದರಿ ಒಂದು ಪ್ರಶ್ನೆ ಕೇಳಿದಳು. ಅವಳ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಅವಳು ಬೆಂಗಳೂರಿನಲ್ಲಿ ನರ್ಸ್. ಅವಳನ್ನು ಓದಿಸಲು ತಂದೆ ಊರಿನಲ್ಲಿ ಕೈಸಾಲ ಮಾಡಿದ್ದಾರೆ. ನೆಂಟರಿಗೆ ಅದು ಗೊತ್ತಿಲ್ಲ. ಸಂಬಳದ ದೊಡ್ಡ ಪಾಲು ಆ ಸಾಲಕ್ಕೇ ಹೋಗುತ್ತದೆ. ಹಬ್ಬಕ್ಕೋ ಮದುವೆಗೋ ಊರಿಗೆ ಹೋದರೆ ಸೋದರತ್ತೆಯ ಪ್ರಶ್ನೆ ಕಾದಿರುತ್ತದೆ: "ತಿಂಗಳಿಗೆ ಎಷ್ಟು ಬರುತ್ತೆ? ಎಷ್ಟು ಉಳಿಸಿದೀಯ? ಇನ್ನೂ ಒಂದು ಸರ ಮಾಡಿಸ್ಕೊಂಡಿಲ್ವಾ?"

"ಅಕ್ಕ, ನಿಜ ಹೇಳಿದರೆ ಅಪ್ಪನ ಸಾಲ ಬೀದಿಗೆ ಬರುತ್ತೆ. ಸುಳ್ಳು ಹೇಳಿದರೆ ಶೀಲ ಮುರಿಯುತ್ತೆ. ನಾನೇನು ಹೇಳಲಿ?"

ಮೊದಲು ಶೀಲ ಏನು ಕೇಳುತ್ತದೆ ಎಂದು ಸರಿಯಾಗಿ ನೋಡೋಣ. ನಾಲ್ಕನೇ ಶೀಲ ಸುಳ್ಳಿನಿಂದ ದೂರ ಇರುವ ಸಂಕಲ್ಪ. ಕೇಳಿದವರಿಗೆಲ್ಲ ಪಾಸ್‌ಬುಕ್ ತೆರೆದು ತೋರಿಸುತ್ತೇನೆ ಎಂಬ ಸಂಕಲ್ಪ ಅದಲ್ಲ. ಸುಳ್ಳು ಹೇಳದಿರುವುದು ಬೇರೆ, ಎಲ್ಲವನ್ನೂ ಹೇಳುವುದು ಬೇರೆ. ಇವೆರಡರ ನಡುವೆ ಸಾಕಷ್ಟು ಜಾಗ ಇದೆ. ಆ ಜಾಗದಲ್ಲಿ ಹೇಗೆ ನಡೆಯಬೇಕು ಎಂಬುದೇ ಇವತ್ತಿನ ಪಾಠ.

ಅಂಗುತ್ತರ ನಿಕಾಯದ ನಾಲ್ಕರ ವಿಭಾಗದಲ್ಲಿ ಭಗವಾನರು ಪ್ರಶ್ನೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ನೇರವಾಗಿ ಉತ್ತರಿಸಬೇಕಾದವು, ಬಿಡಿಸಿ ಉತ್ತರಿಸಬೇಕಾದವು, ಮರುಪ್ರಶ್ನೆ ಕೇಳಿ ಉತ್ತರಿಸಬೇಕಾದವು, ಬದಿಗಿಡಬೇಕಾದವು. ಪಾಳಿಯಲ್ಲಿ ಏಕಂಸ, ವಿಭಜ್ಜ, ಪಟಿಪುಚ್ಛಾ, ಠಪನೀಯ. ಲೋಕ ಶಾಶ್ವತವೋ ಅಲ್ಲವೋ ಎಂದು ಮಾಲುಂಕ್ಯಪುತ್ತ ಹಟ ಹಿಡಿದಾಗ ಭಗವಾನರು ಆ ಪ್ರಶ್ನೆಯನ್ನು ಬದಿಗಿಟ್ಟದ್ದು ನಮಗೆಲ್ಲ ಗೊತ್ತು. ಅದು ದೊಡ್ಡ ವಿಷಯ, ನಮ್ಮದು ಮನೆಯ ವಿಷಯ. ಆದರೂ ಈ ವಿಂಗಡಣೆ ಮನೆಯಲ್ಲೂ ಕೆಲಸಕ್ಕೆ ಬರುತ್ತದೆ.

*1. ನೇರ ಉತ್ತರ.* ಗಂಡ ಹೆಂಡತಿಯ ನಡುವೆ, ಸಾಲಕ್ಕೆ ಜಾಮೀನು ಹಾಕುವವರಿಗೆ, ಕೂಡು ಕುಟುಂಬದಲ್ಲಿ ಖರ್ಚು ಹಂಚಿಕೊಂಡವರಿಗೆ, ಬ್ಯಾಂಕಿನವರಿಗೆ ನಿಜವಾದ ಲೆಕ್ಕವನ್ನೇ ಹೇಳಬೇಕು. ನಮ್ಮ ಉತ್ತರವನ್ನು ನಂಬಿ ಅವರು ಹೆಜ್ಜೆ ಇಡುತ್ತಾರೆ. ಅಲ್ಲಿ ಮುಚ್ಚಿಟ್ಟರೆ ಅದು ಮೌನ ಅಲ್ಲ, ಮೋಸ.

*2. ಬಿಡಿಸಿ ಉತ್ತರ.* ತಂಗಿಯ ಮಗಳು ನರ್ಸಿಂಗ್ ಸೇರಬೇಕು ಎಂದುಕೊಂಡು "ಅಕ್ಕ, ನಿಮಗೆ ಎಷ್ಟು ಬರುತ್ತೆ?" ಎನ್ನಬಹುದು. ಅವಳಿಗೆ ಬೇಕಾದದ್ದು ಆ ಕೆಲಸದ ಅಂದಾಜು. ಹೊಸಬರಿಗೆ ಸುಮಾರಾಗಿ ಎಷ್ಟು, ಅನುಭವ ಆದ ಮೇಲೆ ಎಷ್ಟು, ಪಿಎಫ್ ಕಳೆದು ಕೈಗೆ ಬರುವುದು ಎಷ್ಟು, ಬಾಡಿಗೆಗೆ ಎಷ್ಟು ಹೋಗುತ್ತದೆ ಎಂದು ಬಿಡಿಸಿ ಹೇಳಿದರೆ ಅವಳಿಗೆ ದಾರಿ ಕಾಣುತ್ತದೆ. ನಮ್ಮ ಸ್ವಂತ ಲೆಕ್ಕ ಅಲ್ಲಿ ಬೇಕಾಗಿಲ್ಲ.

*3. ಮರುಪ್ರಶ್ನೆ.* ನಾನು ಶಾಲೆಯಿಂದ ನಿವೃತ್ತಳಾದ ವಾರದಲ್ಲೇ ನಮ್ಮ ಭಾವ ಫೋನ್ ಮಾಡಿ, "ಗ್ರಾಚ್ಯುಟಿ ಎಲ್ಲಾ ಸೇರಿ ಎಷ್ಟು ಬಂತಮ್ಮ?" ಅಂದರು. "ಯಾಕೆ ಭಾವ, ಏನಾದ್ರೂ ತೊಂದರೆ ಇತ್ತಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಗನ ಕಾಲೇಜು ಫೀಸಿಗೆ ಕಡಿಮೆ ಬಿದ್ದಿದೆ ಎಂದರು. ನನ್ನಿಂದ ಎಷ್ಟು ಆಗುತ್ತದೆ, ಅವರು ಯಾವಾಗ ವಾಪಸ್ ಕೊಡಬಲ್ಲರು ಎಂದು ಇಬ್ಬರೂ ಮಾತಾಡಿಕೊಂಡೆವು. ಒಟ್ಟು ಎಷ್ಟು ಬಂತು ಎಂಬ ಮಾತು ಮತ್ತೆ ಬರಲೇ ಇಲ್ಲ. ಎಷ್ಟೋ ಸಲ ಲೆಕ್ಕದ ಪ್ರಶ್ನೆಯ ಹಿಂದೆ ಕೇಳಲು ನಾಚುವ ಒಂದು ಕಷ್ಟ ಇರುತ್ತದೆ. ಆದರೆ ಮರುಪ್ರಶ್ನೆಯ ದನಿ ಮುಖ್ಯ. ಅದೇ "ಯಾಕೆ?" ಎಂಬ ಮಾತು ಮೆತ್ತಗೆ ಬಂದರೆ ವಿಚಾರಣೆ, ಗಡುಸಾಗಿ ಬಂದರೆ ಜಗಳ.

*4. ಬದಿಗಿಡುವುದು.* ಹೇಳಿದರೆ ಕೇಳಿದವರಿಗೂ ಉಪಯೋಗ ಇಲ್ಲ, ನಮ್ಮವರಿಗೆ ನೋವು ಎಂದಾದರೆ ಆ ಪ್ರಶ್ನೆಯನ್ನು ಬದಿಗಿಡಬಹುದು. "ಹೇಗೋ ನಡೀತಾ ಇದೆ ಅತ್ತೆ. ದುಡ್ಡಿನ ಮಾತು ಅಪ್ಪ ನಾನು ಮಾತ್ರ ಆಡೋದು ಅಂತ ಮಾಡ್ಕೊಂಡಿದೀವಿ." ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಅತ್ತೆಗೆ ಅಗೌರವವೂ ಇಲ್ಲ.

ನಮ್ಮ ಸೋದರಿಯ ಪ್ರಶ್ನೆ ಈ ನಾಲ್ಕನೆಯದಕ್ಕೆ ಸೇರುತ್ತದೆ. ಆ ಸಾಲದ ಗುಟ್ಟು ಅವಳೊಬ್ಬಳದೇ ಅಲ್ಲ, ತಂದೆಯದು ಕೂಡ. ಸಿಗಾಲೋವಾದ ಸುತ್ತದಲ್ಲಿ ನಿಜವಾದ ಗೆಳೆಯನ ಲಕ್ಷಣ ಹೇಳುವಾಗ, ನಮ್ಮ ಗುಟ್ಟನ್ನು ಕಾಪಾಡುವುದನ್ನೂ ಭಗವಾನರು ಸೇರಿಸಿದ್ದಾರೆ. ಗೆಳೆಯನಿಗೆ ಈ ಮಾತಾದರೆ, ಹೆತ್ತ ತಂದೆಯ ಮಾನ ಕಾಯುವುದು ತಪ್ಪು ಹೇಗಾದೀತು? ಹಾಗೆಯೇ ಕೋಲಿಯರ ದೀಘಜಾಣು ಎಂಬ ಗೃಹಸ್ಥನಿಗೆ ಬೋಧಿಸುವಾಗ, ಶ್ರಮದಿಂದ ಗಳಿಸಿದ್ದನ್ನು ಎಚ್ಚರದಿಂದ ಕಾಪಾಡಿಕೊಳ್ಳುವುದೂ ಗೃಹಸ್ಥನ ಹಿತಕ್ಕೆ ಬೇಕು ಎನ್ನುತ್ತಾರೆ. ಹಣದ ವಿಷಯದಲ್ಲಿ ಮಿತವಾಗಿ ಮಾತಾಡುವುದು ಜಿಪುಣತನ ಅಲ್ಲ.

ಹಾಗಾದರೆ ಒಂದು ಸಣ್ಣ ಸುಳ್ಳು ಹೇಳಿ ಮುಗಿಸಿದರೆ ಏನಾಯಿತು ಎಂದು ಕೆಲವರು ಕೇಳುತ್ತಾರೆ. ಮುಗಿಯುವುದಿಲ್ಲ. ಅತ್ತೆಗೆ ಒಂದು ಲೆಕ್ಕ, ಮಾವನಿಗೆ ಇನ್ನೊಂದು ಲೆಕ್ಕ ಹೇಳಿದರೆ ಅವರಿಬ್ಬರೂ ಮದುವೆ ಮನೆಯ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತೇ ಕೂರುತ್ತಾರೆ. ಹೆಚ್ಚು ಹೇಳಿದರೆ ಸಾಲ ಕೇಳುವವರು ಬರುತ್ತಾರೆ, ಕಡಿಮೆ ಹೇಳಿದರೆ ಕನಿಕರ ತೋರುವವರು ಬರುತ್ತಾರೆ. ಎರಡನ್ನೂ ನಿಭಾಯಿಸಲು ಮತ್ತೆ ಸುಳ್ಳೇ ಬೇಕು.

ಇನ್ನು ನಮ್ಮ ಮನಸ್ಸಿನ ಕಡೆ ನೋಡೋಣ. ಈ ಪ್ರಶ್ನೆ ನಮ್ಮನ್ನು ಅಷ್ಟು ಚುಚ್ಚುವುದು ಯಾಕೆ? ಧಮ್ಮದಲ್ಲಿ ಮಾನ ಎಂಬ ಕ್ಲೇಶದ ಮೂರು ರೂಪ ಹೇಳುತ್ತಾರೆ: ನಾನು ಅವರಿಗಿಂತ ಮೇಲು, ನಾನು ಅವರಿಗೆ ಸಮ, ನಾನು ಅವರಿಗಿಂತ ಕೀಳು. ಸಂಬಳ ಎಂದ ಕೂಡಲೇ ಈ ಮೂರೂ ಎದ್ದು ನಿಲ್ಲುತ್ತವೆ. ಜಾಸ್ತಿ ಇದ್ದಾಗ ಹೇಗಾದರೂ ಹೇಳಿಬಿಡುವ ಆಸೆ, ಕಡಿಮೆ ಇದ್ದಾಗ ಮುಚ್ಚುವ ಆತುರ. ಆದ್ದರಿಂದ ಸುಮ್ಮನಿರುವ ಮೊದಲು ಒಮ್ಮೆ ಕೇಳಿಕೊಳ್ಳಿ: ಈ ಮೌನ ಯಾರನ್ನಾದರೂ ಕಾಪಾಡುತ್ತಿದೆಯೇ, ಅಥವಾ ನನ್ನ ಮಾನವನ್ನು ಮಾತ್ರ ಕಾಯುತ್ತಿದೆಯೇ?

ಕೇಳುವವರ ಕಡೆಯಿಂದಲೂ ಒಂದು ಮಾತು. ನಮ್ಮ ಹಿರಿಯರ ಕಾಲದಲ್ಲಿ ಈ ಸಲ ಎಷ್ಟು ಮೂಟೆ ರಾಗಿ ಆಯಿತು ಎಂದು ಕೇಳುವುದು ಕುಶಲ ವಿಚಾರಿಸುವ ರೀತಿಯೇ ಆಗಿತ್ತು. ಕಣದಲ್ಲಿ ರಾಶಿ ಬಿದ್ದಿರುತ್ತಿತ್ತು, ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಈಗ ದುಡಿಮೆ ಮೊಬೈಲಿನ ಒಂದು ಮೆಸೇಜ್ ಆಗಿದೆ, ಕಣ್ಣಿಗೆ ಕಾಣುವುದಿಲ್ಲ. ಆದರೆ ಕೇಳುವ ಅಭ್ಯಾಸ ಹಾಗೇ ಉಳಿದಿದೆ. ಕೇಳುವವರೆಲ್ಲ ಹೊಟ್ಟೆಕಿಚ್ಚಿನವರಲ್ಲ. ಮೈತ್ರಿಯಿಂದ ನೋಡಿದರೆ "ನೀನು ಚೆನ್ನಾಗಿದೀಯ ತಾನೇ?" ಎಂಬ ಕಾಳಜಿಯೂ ಆ ಪ್ರಶ್ನೆಯಲ್ಲಿ ಇರಬಹುದು. ಕಾಳಜಿಗೆ ಉತ್ತರ ಕೊಡಿ, ಲೆಕ್ಕವನ್ನು ಬಿಡಿ.

ಮೊನ್ನೆ ಒಂದು ಗೃಹಪ್ರವೇಶದಲ್ಲಿ ನಮ್ಮ ಸೋದರಿ ಅತ್ತೆಗೆ ಹಾಗೆಯೇ ಹೇಳಿದಳಂತೆ. ಅತ್ತೆ ಮುಖ ಊದಿಸಿಕೊಂಡರಂತೆ. "ಬೇಜಾರಾಯ್ತು ಅಕ್ಕ, ಆದರೆ ರಾತ್ರಿ ನಿದ್ದೆ ಬಂತು" ಎಂದಳು. ಸರಿಯಾದ ಮಾತಿಗೆ ಎಲ್ಲರೂ ಸಂತೋಷಪಡುತ್ತಾರೆ ಎಂಬ ಭರವಸೆಯನ್ನು ಧಮ್ಮ ಕೊಡುವುದಿಲ್ಲ. ಅತ್ತೆಯ ಬೇಸರ ಇಳಿಯಲು ಸಮಯ ಬೇಕು. ಅಲ್ಲಿಯವರೆಗೆ ಅವರ ಆರೋಗ್ಯ ವಿಚಾರಿಸುತ್ತಾ, ಫೋನ್ ಮಾಡುತ್ತಾ ಇರು ಎಂದು ಹೇಳಿದ್ದೇನೆ.

*ಇಂದಿನ ಅಭ್ಯಾಸ:* ಇವತ್ತು ಯಾರಾದರೂ ನಿಮ್ಮ ಹಣದ ಬಗ್ಗೆ ಕೇಳಿದರೆ ಒಂದು ಉಸಿರು ಗಮನಿಸಿ. ಇದು ನಾಲ್ಕರಲ್ಲಿ ಯಾವ ಬಗೆಯ ಪ್ರಶ್ನೆ ಎಂದು ನೋಡಿ, ಆಮೇಲೆ ಮಾತಾಡಿ. ಯಾರೂ ಕೇಳದಿದ್ದರೆ ಇನ್ನೂ ಒಳ್ಳೆಯದು. ನಾವು ಬೇರೆಯವರನ್ನು ಕೇಳಬೇಕೆಂದಿದ್ದ ಅಂಥ ಒಂದು ಪ್ರಶ್ನೆಯನ್ನು ಇವತ್ತು ಬಿಟ್ಟು, "ಹೇಗಿದೀರಿ? ಏನಾದ್ರೂ ಸಹಾಯ ಬೇಕಿತ್ತಾ?" ಎಂದು ಕೇಳೋಣ.

ಎಲ್ಲ ಜೀವಿಗಳಿಗೂ ಒಳಿತಾಗಲಿ.
ಸಾಧು, ಸಾಧು, ಸಾಧು. 🙏